ಬಿಳಿ ಪಿಯೋನಿ, ಏಳನೆಯ ಸಲ

ಮೂವತ್ತೊಂದು ವರ್ಷ ವುಚ್ ಊರಿನ ಗಿರಣಿಯಲ್ಲಿ
ಬಟ್ಟೆಗೆ ಹೂ ಒತ್ತಿದವಳು ನಾನು.
ಮೈಲಿಗಟ್ಟಲೆ ಗುಲಾಬಿ, ನಾನೂರ ಹದಿನೇಳನೇ ನಮೂನೆ,
ಕೆಂಪಿಗೊಂದು ಉರುಳೆ, ಹಸಿರಿಗೊಂದು ಉರುಳೆ,
ಎಲೆ ಹೂವಿನಿಂದ ಕೂದಲೆಳೆ ಸರಿದರೂ
ಮೇಸ್ತ್ರಿ ಬಾಯಿಗೆ ಬಂದಂತೆ ಬಯ್ಯುತ್ತಿದ್ದ.
ಒಂದು ಹೂವನ್ನೂ ಬರೆದವಳಲ್ಲ.

ಈಗ ರೈಲುಹಳಿಯ ಪಕ್ಕ ಹತ್ತು ಮಾರು ತೋಟ,
ಸಂಘದ ಲೆಕ್ಕದಲ್ಲಿ ಎಂಬತ್ತೆರಡನೇ ನಂಬರು.
ಒಂದು ಮರದ ಗೂಡು, ಕಾಲು ಕುಂಟುವ ಕುರ್ಚಿ, ನೀರಿನ ಪೀಪಾಯಿ.
ಮತ್ತೆ, ಮೇಲ್ಮನೆಯ ಬೋಗ್ನಾ ಚಿತ್ರಶಾಲೆ ಬಿಟ್ಟ ದಿನ
ನನ್ನ ಬಾಗಿಲಲ್ಲಿಟ್ಟು ಹೋದ ರಟ್ಟಿನ ಪೆಟ್ಟಿಗೆ.
'ಎಸೆಯಲು ಮನಸ್ಸಾಗಲಿಲ್ಲ, ನೀವೇ ಎಸೆಯಿರಿ' ಎಂಬ ಚೀಟಿ.

ನಾನು ಎಸೆಯಲಿಲ್ಲ.

ಮೊದಲು ಇದ್ದಿಲು.
ಗಸಗಸೆ ಹೂವಿಗೆ ಇದೇ ಸರಿ ಅನ್ನಿಸಿತು,
ಅದರ ಹೊಟ್ಟೆಯಲ್ಲಿ ಮಸಿ ಮೊದಲೇ ಇದೆಯಲ್ಲ.
ಬಂತು, ಚೆನ್ನಾಗಿಯೇ ಬಂತು. ಮೂಗು ಉಜ್ಜಿಕೊಂಡೆ,
ಹಾಳೆಯ ಮೇಲೆ ಮೊಣಕೈ ಊರಿದೆ,
ಹೂ ಹೋಗಿ ಹೊಗೆಯಾಯಿತು.
ಬೇಲಿಯಾಚೆ ಟೊಮೇಟೊಗೆ ಕೋಲು ಕಟ್ಟುತ್ತಿದ್ದ ಝೆನೋಬಿ
'ಏನಮ್ಮಾ, ರೈಲು ಬರೆದೆಯಾ?' ಅಂದ.

ನೀರುಬಣ್ಣ ಹೇಳಿದ ಮಾತು ಕೇಳುವುದಿಲ್ಲ.
ಐರಿಸ್ಸಿನ ನೇರಳೆಗೆ ಒಂದು ಹನಿ ಹೆಚ್ಚಾದರೆ
ಗೆರೆ ದಾಟಿ ಪಕ್ಕದ ಎಲೆಗೆ ನುಗ್ಗುತ್ತದೆ.
ಗಿರಣಿಯಲ್ಲಾಗಿದ್ದರೆ ಇಡೀ ತಾನು ವಾಪಸ್ಸು, ಸಂಬಳದಲ್ಲಿ ಕಡಿತ.
ಇಲ್ಲಿ ಯಾರೂ ಬಯ್ಯಲಿಲ್ಲ.
ಸುಳ್ಳೇಕೆ, ಸ್ವಲ್ಪ ಹೊತ್ತು ಬೈಗುಳಕ್ಕೆ ಕಾದೆ,
ಆಮೇಲೆ ಬೇಕೆಂದೇ ಇನ್ನೊಂದು ಹನಿ ಬಿಟ್ಟೆ.

ಪ್ಯಾಸ್ಟೆಲ್ಲನ್ನು ಬೆರಳಲ್ಲೇ ತೀಡಬೇಕು,
ಗಂಟುಗಂಟಾದ ಬೆರಳಿಗೆ ಅದು ಹಿತ.
ಲೂಪಿನ್ನಿನ ಗೋಪುರ ನನ್ನ ತೋಳಿಗೂ ಗಲ್ಲಕ್ಕೂ ಹತ್ತಿ
ಟ್ರಾಮಿನಲ್ಲಿ ಮಕ್ಕಳು ಕಣ್ಣರಳಿಸಿ ನೋಡಿದವು.
ಮಿಕ್ಕ ಬೀಟ್‌ರೂಟ್ ಸಾರಿನಲ್ಲಿ ಕುಂಚ ಅದ್ದಿ
ಒಂದು ಗುಲಾಬಿಯನ್ನೂ ಬರೆದೆ. ಬೆಳಗಾಗುವುದರೊಳಗೆ
ತುಕ್ಕಿನ ಬಣ್ಣಕ್ಕೆ ತಿರುಗಿತು.
ಹೂವಿಗಿಂತ ಮೊದಲು ಹೂವಿನ ಚಿತ್ರ ಬಾಡಿದ್ದನ್ನು
ಅವತ್ತೇ ನೋಡಿದ್ದು.

ಇವೆಲ್ಲ ಸೋತು ಗೆಲ್ಲುವ ಆಟ. ಗೆಲ್ಲದೇ ಇದ್ದದ್ದು ಒಂದೇ:
ಪೀಪಾಯಿಯ ಹತ್ತಿರ, ತನ್ನ ಭಾರಕ್ಕೆ ತಾನೇ ಬಾಗಿದ
ಆ ಬಿಳಿ ಪಿಯೋನಿ.
ಬಿಳಿ ಹಾಳೆಯ ಮೇಲೆ ಬಿಳಿಯನ್ನು ಎಲ್ಲಿಂದ ತರಲಿ?
ಪೆನ್ಸಿಲ್ಲಿಗೆ ಎಲೆಕೋಸಾಯಿತು.
ಕರಿಹಾಳೆಯ ಮೇಲೆ ಸೀಮೆಸುಣ್ಣಕ್ಕೆ ಬ್ಯಾಂಡೇಜಿನ ಉಂಡೆ.
ಸುತ್ತ ಹಸಿರು ತುಂಬಿ ನಡುವೆ ಖಾಲಿ ಬಿಟ್ಟರೆ
ಗೋಡೆಯಿಂದ ಗಡಿಯಾರ ತೆಗೆದಂತೆ ಕಂಡಿತು.
ಆರು ಸಲ. ಅಷ್ಟರಲ್ಲಿ ಮಳೆ,
ದಳಗಳು ಒಂದೊಂದಾಗಿ ಮಣ್ಣಿಗೆ ಬೀಳುತ್ತಿದ್ದವು.

ಗೂಡಿನೊಳಗೆ ಕೂತು, ಬಿಗಿದುಕೊಂಡ ಡ್ರಾಯರಿಗೆ
ಮೇಣ ಉಜ್ಜುತ್ತಿದ್ದೆ. ನವೆಂಬರಿನಲ್ಲಿ
ಅಕ್ಕ ಓತಿಲ್ಯಾಳ ಸಮಾಧಿಯಲ್ಲಿ ಹಚ್ಚಿ, ಗಾಳಿಗೆ ಆರಿ,
ಕೋಟಿನ ಜೇಬಿನಲ್ಲೇ ವಾಪಸ್ಸು ಬಂದ ತುಂಡು.
ಮೇಣದ ಬೆರಳು ಹಾಳೆಗೆ ತಾಗಿತ್ತೆಂದು
ಮಸಿ ಬಳಿದಾಗಲೇ ಗೊತ್ತಾದದ್ದು:
ಅಲ್ಲಿ ಮಾತ್ರ ಮಸಿ ಒಲ್ಲೆ ಅಂದಿತು.
ಅಯ್ಯೋ, ಮೇಣ ಬಿದ್ದ ಬಟ್ಟೆ ಹರಿದು
ನೆಲ ಒರೆಸುತ್ತಿದ್ದೆವಲ್ಲ ನಾವು, ಎಷ್ಟು ವರ್ಷ!

ಹೊಸ ಹಾಳೆ. ಬಿಳಿಯ ಮೇಲೆ ಬಿಳಿ ಮೇಣ,
ಎಳೆದ ಗೆರೆ ಎಳೆದವಳಿಗೇ ಕಾಣದು.
ಹಾಳೆ ನೋಡಿ ಪ್ರಯೋಜನವಿಲ್ಲ,
ಕಿಟಕಿಯಾಚೆ ಉಳಿದ ದಳಗಳನ್ನೇ ನೋಡುತ್ತಾ
ಕೈಯನ್ನು ಅದರ ಪಾಡಿಗೆ ಬಿಟ್ಟೆ.
ಆಮೇಲೆ ನೀರು ಬೆರೆಸಿದ ಮಸಿ, ಅಗಲ ಕುಂಚ, ಒಂದೇ ಎಳೆತ.

ಕತ್ತಲೆ ಹರಿದು ಹೋಯಿತು, ಅವಳು ನಿಂತಳು.

ಮಳೆ ಬಿಟ್ಟ ಮೇಲೆ ಝೆನೋಬಿ
ಬೇಲಿಯ ಮೇಲೆ ಬಾಗಿ ಬಹಳ ಹೊತ್ತು ನೋಡಿದ.
'ಎಲೆ ಹೂವಿನಿಂದ ಸರಿದಿದೆಯಲ್ಲ.'
ಸರಿದಿದೆ, ಅಂದೆ, ಎರಡು ಬೆರಳಷ್ಟು.

ಮೇಣ ಇನ್ನೂ ಅರ್ಧ ಇಂಚು ಉಳಿದಿದೆ.
ಅವನ ಪಾತಿಯಲ್ಲಿ, ಕೀಳಲು ಮರೆತ ಮೂಲಂಗಿ
ಹೂ ಬಿಟ್ಟಿದೆ. ಅದೂ ಬಿಳಿ.